ಒಂದಕ್ಕೆ ಹೋಗಿ ಬಂದ್ರೆ ತಲೆನೋವಾ? ಡಾಕ್ಟರಿಗೆ ಹೇಳಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಆರೋಗ್ಯದ ಪುಟದಲ್ಲಿ ಕಿಡ್ನಿ ಸ್ಟೋನ್ ಬಗ್ಗೆ ಎಷ್ಟು ಸಲ ಬಂದಿದೆಯೋ ಲೆಕ್ಕ ಇಲ್ಲ, ಬಾಳೆದಿಂಡಿನ ಜ್ಯೂಸ್ ಸಮೇತ. ಆದ್ರೆ ಮೂತ್ರಕೋಶದಲ್ಲಿ ಬರೋ ಒಂದು ಅಪರೂಪದ ಗಡ್ಡೆ ಬಗ್ಗೆ ಒಂದು ಸಾಲೂ ನೋಡಿಲ್ಲ, ಅದಕ್ಕೇ ಈ ಪತ್ರ.

ನಮ್ಮ ಚಿಕ್ಕಮ್ಮಂಗೆ ಎರಡು ವರ್ಷ ತಲೆ ಸಿಡಿಯೋದು, ಎದೆ ಡವಡವ, ಮೈಯೆಲ್ಲ ಬೆವರು. ಮೊದ್ಲು ಬಿಪಿ ಅಂದ್ರು, ಆಮೇಲೆ ಮೈಗ್ರೇನ್ ಅಂದ್ರು, ಕೊನೆಗೆ ಟೆನ್ಷನ್ ಮಾಡ್ಕೋಬೇಡಿ ಅಂತ ನಿದ್ದೆ ಮಾತ್ರೆ ಕೊಟ್ಟು ಕಳಿಸಿದ್ರು. ಇದೆಲ್ಲ ಬರ್ತಿದ್ದಿದ್ದು ಒಂದಕ್ಕೆ ಹೋದ ತಕ್ಷಣ, ಬಚ್ಚಲ ಗೋಡೆ ಹಿಡ್ಕೊಂಡು ಐದು ನಿಮಿಷ ನಿಂತಿರೋರು, ಆದ್ರೆ ನಾಚಿಕೆಗೆ ಯಾರಿಗೂ ಹೇಳ್ಲಿಲ್ಲ, ಯಾವ ಡಾಕ್ಟರೂ ಕೇಳ್ಲಿಲ್ಲ. ಕೇಳಿದ್ದು ಒಬ್ರು ಚಿಕ್ಕ ವಯಸ್ಸಿನ ಯೂರಾಲಜಿಸ್ಟ್. ಟಾಯ್ಲೆಟ್‌ಗೆ ಹೋಗೋ ಮೊದ್ಲೊಂದು ಸಲ, ಬಂದ್ಮೇಲೊಂದು ಸಲ ಬಿಪಿ ನೋಡಿದ್ರು. 140 ಇದ್ದಿದ್ದು 210!

ಇದಕ್ಕೆ ಪ್ಯಾರಾಗ್ಯಾಂಗ್ಲಿಯೋಮಾ ಅಂತಾರೆ. ಮೂತ್ರಕೋಶದ ಗೋಡೇಲಿ ಕೂತು ಅಡ್ರಿನಲಿನ್ ಜಾತಿಯ ಹಾರ್ಮೋನ್ ಬಿಡುತ್ತೆ, ಮೂತ್ರ ಹೋಗುವಾಗ ಕೋಶ ಹಿಂಡಿದ್ರೆ ಗಡ್ಡೇನೂ ಹಿಂಡಿದಂಗಾಗಿ ಬಿಪಿ ಏರುತ್ತೆ. ಮೂತ್ರಕೋಶದ ಸಾವಿರ ಗಡ್ಡೇಲಿ ಇಂಥದ್ದು ಒಂದೂ ಸಿಗೋದು ಕಷ್ಟ. ಕೆಲವರಿಗೆ ರಕ್ತಾನೂ ಹೋಗುತ್ತಂತೆ, ಚಿಕ್ಕಮ್ಮಂಗೆ ಹೋಗಿರ್ಲಿಲ್ಲ.

ಆ ಹಾರ್ಮೋನ್ ಒಡೆದು ಮೂತ್ರಕ್ಕೆ ಬರೋ ಮೆಟಾನೆಫ್ರಿನ್ ಎಷ್ಟಿದೆ ಅಂತ ನೋಡೋ ಟೆಸ್ಟಿಗೆ 24 ಗಂಟೆ ಮೂತ್ರ ಹಿಡೀಬೇಕು, ಬೆಳಗ್ಗೆ ಮೊದಲನೇದು ಬಿಟ್ಟು ಮಾರನೇ ದಿನ ಬೆಳಗಿಂದೂ ಸೇರಿಸಿ ಎಲ್ಲಾನೂ ಒಂದೇ ಕ್ಯಾನಿಗೆ. ಚಿಕ್ಕಮ್ಮ ಆ ಕ್ಯಾನಿಗೂ ಹಳೇ ಸೀರೆ ತುಂಡು ಸುತ್ತಿ ಮೂಲೇಲಿ ಬಚ್ಚಿಟ್ಟಿದ್ರು. ರಿಪೋರ್ಟ್ ಬಂದ್ಮೇಲೆ ಎಂಆರ್‌ಐ ಮಾಡಿದ್ರು, ಗಡ್ಡೆ ಕಾಣಿಸ್ತು.

ಕಾಣಿಸ್ತು ಅಂತ ತಕ್ಷಣ ಕುಯ್ಯೋ ಹಾಗಿಲ್ಲ, ಸುಮ್ನೆ ಬಯಾಪ್ಸಿಗೆ ಅಂತ ಒಂದು ಚೂರು ತೆಗೆಯೋಕೆ ಮುಟ್ಟಿದ್ರೂ ಬಿಪಿ ಪ್ರಾಣಕ್ಕೇ ಬರೋ ಅಷ್ಟು ಏರಬಹುದು. ಮೊದ್ಲು ಹತ್ತು-ಹದಿನಾಲ್ಕು ದಿನ ಆ ಹಾರ್ಮೋನ್ ರಕ್ತನಾಳ ಬಿಗಿ ಮಾಡದಂಗೆ ತಡೆಯೋ ಆಲ್ಫಾ ಬ್ಲಾಕರ್ ಮಾತ್ರೆ, ನಾಳ ಸಡಿಲ ಆಗಿ ಬಿಪಿ ತೀರಾ ಕುಸೀಬಾರ್ದು ಅಂತ ಜೊತೆಗೆ ಚೆನ್ನಾಗಿ ನೀರು, ಉಪ್ಪು. ಬಿಪಿ ಇರೋರಿಗೆ ಉಪ್ಪು ತಿನ್ನಿ ಅಂತೀರಲ್ರೀ ಅಂತ ಚಿಕ್ಕಪ್ಪ ಜಗಳಕ್ಕೇ ನಿಂತಿದ್ರು. ಆಮೇಲೆ ಮೂತ್ರಕೋಶದ ಅಷ್ಟು ಭಾಗ ಮಾತ್ರ ತೆಗೆದ್ರು. ಇದು ವಂಶದಲ್ಲೂ ಬರಬಹುದು ಅಂತ ಮಕ್ಕಳಿಗೂ ಜೀನ್ ಟೆಸ್ಟ್ ಹೇಳಿದಾರೆ, ಚಿಕ್ಕಮ್ಮಂಗೆ ವರ್ಷವರ್ಷ ಚೆಕಪ್ ತಪ್ಪಿದ್ದಲ್ಲ.

ಯಾರಾದ್ರೂ ಯೂರಾಲಜಿಸ್ಟ್ ಹತ್ರ ಇದರ ಬಗ್ಗೆ ಅರ್ಧ ಪುಟ ಬರೆಸಿ ಸಾರ್, ಬಾಳೆದಿಂಡಿಗೆ ಒಂದು ವಾರ ರಜಾ ಕೊಡಿ.

ಇಂತಿ,
ಒಬ್ಬ ಓದುಗ, ತಿಪಟೂರು