ಅದು ನನ್ನ ಮನೆಯ ಚಿಲಕ ಅಲ್ಲ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ತಲೆಯಿಂದ ಹೋಗುತ್ತಿಲ್ಲ. ದಿನಾ ಕಚೇರಿಯಲ್ಲಿ ಮಕ್ಕಳ ಮೇಲಿನ ದೌರ್ಜನ್ಯದ ಫೈಲುಗಳನ್ನು ಓದುವವನು ನೀನು. ನೆಂಟರೊಬ್ಬರು ನಿನ್ನ ಮಗಳನ್ನು ಎತ್ತಿಕೊಂಡು ಆಡಿಸುತ್ತಿದ್ದರು, ನೀನು ಹೋಗಿ ಅವರ ಕೈಯಿಂದ ಅವಳನ್ನು ಕಿತ್ತುಕೊಂಡೆ. ಎಲ್ಲರೂ ಸುಮ್ಮನಾದರು. ಇದನ್ನೆಲ್ಲ ಹೇಳಿ ನಕ್ಕೆ. ‘ನನಗೇನೂ ಆಗಿಲ್ಲ ಕಣೇ, ಸುಮ್ನೆ ಸುಸ್ತು’ ಅಂದೆ. ಆ ನಗು ನನಗೆ ಗೊತ್ತು. ಎರಡು ವರ್ಷ ನಾನೂ ಹಾಗೇ ನಕ್ಕವಳು.

ನನ್ನದು ದುಭಾಷಿ ಕೆಲಸ. ಹಿಂಸೆಗೆ ಸಿಕ್ಕವರು ಹೇಳಿದ್ದನ್ನು ವಕೀಲರಿಗೋ ಡಾಕ್ಟರಿಗೋ ಅವರ ಭಾಷೆಯಲ್ಲಿ ದಾಟಿಸುವುದು. ‘ಅವಳು ಹೀಗೆ ಹೇಳುತ್ತಿದ್ದಾಳೆ’ ಅನ್ನುವ ಹಾಗಿಲ್ಲ. ಅವಳು ‘ನಾನು’ ಅಂದರೆ ನಾನೂ ‘ನಾನು’ ಅನ್ನಬೇಕು. ಒಂದು ಮಧ್ಯಾಹ್ನ ಒಬ್ಬ ಹೆಂಗಸಿನ ಪಕ್ಕ ಕೂತು ಹೇಳಿದೆ: ‘ನನ್ನನ್ನು ಒಳಗೆ ತಳ್ಳಿ ಹೊರಗಿಂದ ಚಿಲಕ ಹಾಕಿದ. ಆ ಸದ್ದು ಕೇಳಿದ ಮೇಲೆ ನಾನು ಕೂಗಲಿಲ್ಲ.’ (ಅವಳ ಗುರುತು ಹತ್ತದಂತೆ ಕೆಲವನ್ನು ಬದಲಿಸಿದ್ದೇನೆ.) ನನ್ನ ದನಿ ಇಳಿದುಹೋಗಿತ್ತು. ವಕೀಲರಿಗೆ ಕೇಳಿಸಲಿಲ್ಲ. ‘ಇನ್ನೊಂದ್ಸಲ ಹೇಳಿ’ ಅಂದರು. ಇನ್ನೊಂದು ಸಲ ಹೇಳಿದೆ. ಅವಳು ನೆಲ ನೋಡುತ್ತಿದ್ದಳು. ನಾನು ವಕೀಲರ ಪೆನ್ನು ನೋಡುತ್ತಿದ್ದೆ.

ಅವತ್ತು ಏನೂ ಆಗಲಿಲ್ಲ. ಮನೆಗೆ ಹೋಗಿ ಉಂಡು ಮಲಗಿದೆ. ಕೆಲವು ವಾರ ಕಳೆದ ಮೇಲೆ ರಾತ್ರಿ ಎದ್ದು ಬಾಗಿಲು ನೋಡುವುದು ಶುರುವಾಯಿತು. ಒಂದು ಸಲ, ಎರಡು ಸಲ, ಆಮೇಲೆ ಮೂರು ಸಲ. ಚಿಲಕ ಹಾಕಿದ್ದೇನಾ ಅಂತ ನೋಡುತ್ತಿದ್ದೆನೋ, ತೆಗೆಯಲು ಬರುತ್ತಾ ಅಂತ ನೋಡುತ್ತಿದ್ದೆನೋ, ನನಗೇ ಗೊತ್ತಿರಲಿಲ್ಲ. ನನ್ನನ್ನು ಯಾರೂ ಯಾವತ್ತೂ ಕೂಡಿಹಾಕಿದವರಲ್ಲ. ಅದು ಅವಳ ಚಿಲಕ.

ಕೆಲಸದಲ್ಲಿ ನನ್ನ ಮೇಲಿನವರಿಗೆ ಹೇಳಿದೆ. ‘ಒಗ್ಗಿಹೋಗುತ್ತೆ ಬಿಡಿ’ ಅಂದರು. ಒಗ್ಗಿಯೂ ಹೋಯಿತು, ಅದೇ ತೊಂದರೆ. ಪಕ್ಕದ ಮನೆಯ ಗಂಡ ಹೆಂಡತಿ ಜೋರಾಗಿ ನಕ್ಕರೂ ಇದರ ಹಿಂದೆ ಏನಿದೆಯೋ ಅನ್ನಿಸುತ್ತಿತ್ತು.

ಇದಕ್ಕೊಂದು ಹೆಸರಿದೆ ಅಂತ ತಡವಾಗಿ ತಿಳಿಯಿತು. 1990ರಲ್ಲಿ ಮೆಕ್ಯಾನ್ ಮತ್ತು ಪರ್ಲ್‌ಮನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನು ವೈಕೇರಿಯಸ್ ಟ್ರಾಮಟೈಸೇಷನ್, ಅಂದರೆ ಬೇರೆಯವರ ಆಘಾತ ನಮ್ಮೊಳಗೂ ಇಳಿಯುವುದು, ಎಂದು ಕರೆದರು. ಬರೀ ದುಃಖದ ಮಾತಲ್ಲ ಇದು. ದಿನಾ ಇಂಥದ್ದನ್ನೇ ಕೇಳುತ್ತಾ ಕೇಳುತ್ತಾ ಯಾರನ್ನು ನಂಬಬಹುದು, ಎಲ್ಲಿ ಭಯವಿಲ್ಲದೆ ಇರಬಹುದು ಎಂಬ ನಮ್ಮ ಲೆಕ್ಕವೇ ಬದಲಾಗಿಬಿಡುತ್ತದೆ. ನೀನು ಮಗಳನ್ನು ಕಿತ್ತುಕೊಂಡೆಯಲ್ಲ, ಅದು ಸುಸ್ತಲ್ಲ. ಸುಸ್ತಾದವನು ಸೋಫಾದಲ್ಲಿ ಒರಗಿ ಆ ಕಡೆ ನೋಡುತ್ತಲೂ ಇರಲಿಲ್ಲ.

ಬರ್ನೌಟ್, ಅಂದರೆ ಕೆಲಸದ ಒತ್ತಡಕ್ಕೆ ಪೂರಾ ಬಳಲಿಹೋಗಿದ್ದೇನೆ, ಅಂತ ಹೇಳಿ ರಜೆ ಹಾಕುವವರಿದ್ದಾರೆ. ಅದು ಬೇರೆ. ಕೆಲಸ ಜಾಸ್ತಿಯಾದರೆ ಲೆಕ್ಕಪತ್ರ ಬರೆಯುವವರಿಗೂ ಅದು ಬರುತ್ತದೆ. ನಾನು ಹತ್ತು ದಿನ ರಜೆ ಹಾಕಿ ಹೋದೆ. ಹೋದಲ್ಲಿಯೂ ಮೊದಲು ನೋಡಿದ್ದು ರೂಮಿನ ಬಾಗಿಲನ್ನು.

‘ಅನುಭವಿಸಿದ್ದು ಆ ಮಕ್ಕಳು, ನಾನು ಫೈಲ್ ಓದಿದವನು ಅಷ್ಟೆ’ ಅಂದೆಯಲ್ಲ. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗನಿರ್ಣಯದ ಕೈಪಿಡಿಯನ್ನು ಹೊಸದಾಗಿ ತಂದಾಗ, ಆಘಾತದ ಬಳಿಕ ಉಳಿದುಬಿಡುವ ಮಾನಸಿಕ ಕಾಯಿಲೆಯಾದ ಪಿಟಿಎಸ್‌ಡಿಗೆ ಕಾರಣವಾಗಬಲ್ಲ ಅನುಭವಗಳ ಸಾಲಿನಲ್ಲಿ ಇದನ್ನೂ ಸೇರಿಸಿತು. ಅಲ್ಲಿ ಕೊಟ್ಟ ಉದಾಹರಣೆ ಏನು ಗೊತ್ತಾ? ಮಕ್ಕಳ ಮೇಲಿನ ದೌರ್ಜನ್ಯದ ವಿವರಗಳನ್ನು ಮತ್ತೆ ಮತ್ತೆ ಎದುರಿಸುವ ಪೊಲೀಸರು. ಟಿವಿಯಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ, ಕೆಲಸದ ಭಾಗವಾಗಿ ನೋಡಿದರೆ ಲೆಕ್ಕಕ್ಕಿದೆ. ನಿನಗೆ ಆ ಕಾಯಿಲೆ ಇದೆ ಅಂತ ನಾನು ಹೇಳುತ್ತಿಲ್ಲ, ಅದನ್ನು ತಿಳಿದವರು ಹೇಳಲಿ. ಫೈಲ್ ಓದುವುದು ‘ಅಷ್ಟೆ’ ಅಲ್ಲ ಅಂತಿದ್ದೇನೆ.

ನಿಮ್ಮ ಕಚೇರಿಯವರು ಒಂದು ದಿನದ ಒತ್ತಡ ನಿವಾರಣೆ ಶಿಬಿರ ಮಾಡಿದರಂತೆ. ಒಳ್ಳೆಯದೇ. ಆದರೆ ಮಾರನೆಯ ದಿನ ಮೇಜಿನ ಮೇಲೆ ಅಷ್ಟೇ ಫೈಲುಗಳಿದ್ದರೆ ಉಸಿರು ಎಳೆದು ಬಿಟ್ಟು ಏನು ಬಂತು? ನನಗೆ ಉಪಯೋಗವಾಗಿದ್ದು ಬಹಳ ಸಣ್ಣದು. ಜಗಳ ಮಾಡಿಯೇ ಕೇಳಿಕೊಂಡೆ: ವಾರದಲ್ಲಿ ಎರಡಕ್ಕಿಂತ ಜಾಸ್ತಿ ಇಂಥ ಕೇಸು ಬೇಡ, ಉಳಿದ ದಿನ ಬಾಡಿಗೆ ಕರಾರು, ಶಾಲೆ ಅರ್ಜಿ, ಏನಾದರೂ ಕೊಡಿ. ಈ ಕೆಲಸದಲ್ಲಿ ಹಳಬಳಾದ ಒಬ್ಬಾಕೆಯ ಜೊತೆ ಹದಿನೈದು ದಿನಕ್ಕೊಮ್ಮೆ ಕೂರುತ್ತೇನೆ. ಅವಳಿಂದಲೇ ಕಲಿತದ್ದು, ವಿವರ ಬಿಚ್ಚುವ ಮೊದಲು ಎದುರಿನವರನ್ನು ಕೇಳಬೇಕು: ‘ಕಷ್ಟದ್ದೊಂದು ಹೇಳಲಾ, ಈಗ ಕೇಳೋಕಾಗುತ್ತಾ?’ ಎಷ್ಟು ಜನರ ಊಟದ ಹೊತ್ತಿನಲ್ಲಿ ನಾನು ಕೇಳದೆ ಎಲ್ಲವನ್ನೂ ಸುರಿದಿದ್ದೇನೋ! ನಿನ್ನ ಮೇಲೂ ಸುರಿದಿದ್ದೇನೆ, ಕ್ಷಮಿಸು.

ಈಗಲೂ ಚಿಲಕ ನೋಡುತ್ತೇನೆ. ಸಾಮಾನ್ಯವಾಗಿ ಒಂದೇ ಸಲ.

ಆ ನೆಂಟರಿಗೆ ಒಂದು ಫೋನ್ ಮಾಡು. ಕಾರಣ ಎಲ್ಲ ಬಿಡಿಸಿ ಹೇಳಬೇಕಾಗಿಲ್ಲ. ಭಾನುವಾರ ಸಂಜೆ ನಾನು ಫೋನ್ ಮಾಡುತ್ತೇನೆ. ಕೇಸಿನ ಮಾತು ಆಡಬೇಕಿದ್ದರೆ ಮೊದಲೇ ಹೇಳು, ಕೂತು ಕೇಳುತ್ತೇನೆ. ಬೇಡ ಅನ್ನಿಸಿದರೆ ಮಗಳ ಕೈಗೆ ಫೋನ್ ಕೊಡು. ಹಲ್ಲು ಬಿದ್ದ ಕಥೆಯನ್ನು ಹೋದ ಸಲ ಅರ್ಧಕ್ಕೇ ನಿಲ್ಲಿಸಿ ಓಡಿಹೋಗಿದ್ದಾಳೆ.

ನಿನ್ನ ಗೆಳತಿ