ಕಾಲಿನಿಂದ ಬರೆದರೂ ಕಸುಬು ಬೇಕು

ಮಾನ್ಯ ಸಂಪಾದಕರೇ,

ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಪಾದದಿಂದ ಬಣ್ಣ ಎಳೆದು, ಅದರ ಮೇಲೆ ಗೋಣಿತಟ್ಟು, ಬೂದಿ, ಕೆಮ್ಮಣ್ಣು ಮೆತ್ತಿದ್ದನ್ನು ಚಿತ್ರವೆನ್ನಬೇಕೇ ಎಂದು ಓದುಗರೊಬ್ಬರು ಕಳೆದ ವಾರ ಈ ಅಂಕಣದಲ್ಲಿ ಕೇಳಿದ್ದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದ ನನಗೆ ಅವರ ಸಿಟ್ಟು ಅರ್ಥವಾಗುತ್ತದೆ. ಆದರೆ ಇದು ಹೊರದೇಶದಿಂದ ಬಂದ ಹುಚ್ಚಾಟ ಎಂಬ ಅವರ ಮಾತನ್ನು ಒಪ್ಪಲಾರೆ.

ಹೊರಗೆ ಇದು ನಡೆದಿರುವುದು ನಿಜ. ಅಮೆರಿಕದ ಜಾಕ್ಸನ್ ಪೊಲಾಕ್ ನೆಲಕ್ಕೆ ಹಾಸಿದ ಕ್ಯಾನ್ವಾಸಿನ ಸುತ್ತ ನಡೆದಾಡುತ್ತ ಬಣ್ಣ ಸುರಿದರು. ಜಪಾನಿನ ಕಜುವೊ ಶಿರಾಗ ಹಗ್ಗಕ್ಕೆ ಜೋತುಬಿದ್ದು ಕಾಲಿನಿಂದಲೇ ಬರೆದರು, 1955ರಲ್ಲಿ ಟೋಕಿಯೊದಲ್ಲಿ ಕೆಸರಿನಲ್ಲಿ ಹೊರಳಾಡಿದ್ದನ್ನೇ ಕೃತಿಯಾಗಿ ಮುಂದಿಟ್ಟರು. ಆದರೆ ಬಳ್ಳಾರಿ ಪಕ್ಕದ ಸಂಗನಕಲ್ಲು, ಕುಪಗಲ್ಲು ಗುಡ್ಡ ಹತ್ತಿದವರಿಗೆ ಮೈಯ ಈ ದುಡಿಮೆ ಹೊಸದೆನಿಸದು. ನವಶಿಲಾಯುಗದ ಜನ ಅಲ್ಲಿನ ಕಪ್ಪು ಬಂಡೆಗಳ ಮೇಲೆ ಕಲ್ಲಿನಿಂದ ಕುಟ್ಟಿ ಕುಟ್ಟಿ ದನಗಳನ್ನೂ ಮನುಷ್ಯರನ್ನೂ ಮೂಡಿಸಿದ್ದಾರೆ. ಕೆಲವು ಆಕೃತಿಗಳು ಇರುವ ಜಾಗವನ್ನು ನೋಡಿದರೆ, ಬರೆದವನು ಬಂಡೆಯ ಅಂಚಿನಿಂದ ಜೋತುಬಿದ್ದೇ ಕುಟ್ಟಿರಬೇಕು ಅನ್ನಿಸುತ್ತದೆ. ಅಲ್ಲಿನ ಕೆಲವು ಬಂಡೆಗಳನ್ನು ಕಲ್ಲಿನಿಂದ ತಟ್ಟಿದರೆ ಗಂಟೆಯಂಥ ದನಿಯೂ ಬರುತ್ತದೆ.

ನನ್ನ ತಕರಾರು ಇರುವುದು ಬಣ್ಣದ ಕೆಳಗೆ ಮೆತ್ತುವ ಪದರಗಳ ಬಗ್ಗೆ. ಅದನ್ನು ಸ್ವತಃ ಕೆಟ್ಟೇ ಕಲಿತೆ. ಒಮ್ಮೆ ಗೋಣಿತಟ್ಟಿನ ಮೇಲೆ ಕೆಮ್ಮಣ್ಣು, ಬೂದಿ, ಫೆವಿಕಾಲ್ ಕಲಸಿ ಬೆರಳಿನಷ್ಟು ದಪ್ಪಕ್ಕೆ ಒಂದೇ ದಿನದಲ್ಲಿ ಬಳಿದಿದ್ದೆ. ಯುಗಾದಿಯ ಹೊತ್ತಿಗೆ, ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ಅದು ಹಪ್ಪಳದಂತೆ ಎದ್ದು ಗೋಡೆಯ ಬುಡಕ್ಕೆ ಉದುರಿತ್ತು. ಉಳಿದ ಚೂರನ್ನು, ಮರದ ಗೊಂಬೆಗಳಿಗೆ ಹೆಸರಾದ ನಮ್ಮ ಕೊಪ್ಪಳ ಪಕ್ಕದ ಊರು ಕಿನ್ನಾಳದ ಚಿತ್ರಗಾರರೊಬ್ಬರಿಗೆ ತೋರಿಸಿದಾಗ ಅವರು ಹೆಬ್ಬೆರಳಿನಿಂದ ಅದರ ಅಂಚನ್ನು ಒತ್ತಿ ಪುಡಿ ಮಾಡಿ, ಒಳಗಿನದು ಒಣಗುವ ಮೊದಲೇ ಮೇಲಿನದನ್ನು ಹಚ್ಚಿದ್ದೀರಿ ಎಂದಷ್ಟೇ ಹೇಳಿದರು. ಅವರ ಮನೆಯಲ್ಲಿ ಮರದ ಗೊಂಬೆಯ ಬಿಡಿಭಾಗಗಳನ್ನು ಹುಣಸೆಬೀಜದ ಅಂಟಿನಿಂದ ಜೋಡಿಸುತ್ತಾರೆ; ನೆನೆಸಿ ಒಣಗಿಸಿ ಪುಡಿ ಮಾಡಿದ ಗೋಣಿನಾರಿಗೆ ಮರದ ಹೊಟ್ಟು ಮತ್ತು ಅದೇ ಅಂಟು ಸೇರಿಸಿದ ಕಿಟ್ಟವನ್ನು ಕೈಯಿಂದ ಮೆತ್ತುತ್ತಾರೆ; ಅದರ ಮೇಲೆ ಹತ್ತಿಬಟ್ಟೆಯ ತುಂಡು, ಮತ್ತೆ ಕಲ್ಲಿನ ಪುಡಿಯ ಲೇಪ, ಕೊನೆಗೆ ಬಣ್ಣ. ಬಣ್ಣ ಕಾಣುವುದು ಮೇಲೆ, ಗೊಂಬೆ ಬಾಳುವುದು ಒಳಗಿನ ಪದರಗಳ ಬಲದಿಂದ.

ಇಂದಿನ ಪ್ರಯೋಗಗಳಲ್ಲಿ ನನಗೆ ಕಾಣುವ ಕೊರತೆ ಇದೇ. ತೋಳು, ಸೊಂಟ, ಪಾದಗಳ ಓಟಕ್ಕೆ ಸಿಕ್ಕುವ ರೇಖೆ ಮಣಿಕಟ್ಟಿನಿಂದ ಬರುವ ರೇಖೆಗಿಂತ ಬೇರೆ, ಅದಕ್ಕೆ ಬೆಲೆಯಿದೆ. ಆದರೆ ಅದನ್ನು ಹೊರಬೇಕಾದ ತಳವನ್ನು ಅವಸರದಲ್ಲಿ ಮಾಡಿದರೆ ವರ್ಷದೊಳಗೆ ರೇಖೆಯೂ ಉದುರುತ್ತದೆ, ಟೀಕಿಸುವವರ ಮಾತೂ ನಿಜವಾಗುತ್ತದೆ.

ಆದ್ದರಿಂದ ನಮ್ಮ ಭಾಗದಲ್ಲಿ ಚಿತ್ರಕಲಾ ಶಿಬಿರ ನಡೆಸುವವರು ಮೊದಲ ಎರಡು ದಿನವನ್ನಾದರೂ ಕಿನ್ನಾಳದ ಮನೆಗಳಲ್ಲಿ, ಅಂಟು ಕಾಯಿಸುವ ಒಲೆಯ ಮುಂದೆ ಕಳೆಯುವಂತೆ ಏರ್ಪಾಡು ಮಾಡಲಿ, ಕಲಿಸುವ ಚಿತ್ರಗಾರರಿಗೆ ಅತಿಥಿ ಕಲಾವಿದರಿಗೆ ಕೊಡುವಷ್ಟೇ ಗೌರವಧನ ಕೊಡಲಿ ಎಂದು ಕೋರುತ್ತೇನೆ.

ನಿವೃತ್ತ ಚಿತ್ರಕಲಾ ಶಿಕ್ಷಕ,
ಕೊಪ್ಪಳ