ವಚನಗಳಿಗೆ ಪಿಡಿಎಫ್ ಸಾಲದು

ಸಂಪಾದಕರೇ,

ಹಳೆಯ ಪುಸ್ತಕ ಸ್ಕ್ಯಾನ್ ಮಾಡಿ ಪಿಡಿಎಫ್ ಹಾಕಿದರೆ ಕೆಲಸ ಮುಗಿಯಿತು ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಸಾಲದು. ವಚನದಲ್ಲಿ ಬರುವ ಊರು, ವ್ಯಕ್ತಿ, ಕಸುಬಿನ ಮಾತು, ಅಂಕಿತ, ಪಾಠಭೇದ (ಒಂದು ಪ್ರತಿಯಿಂದ ಇನ್ನೊಂದಕ್ಕೆ ಬದಲಾಗುವ ಪದ) ಎಲ್ಲವನ್ನೂ ಪಠ್ಯದೊಳಗೇ ಗುರುತು ಹಾಕಿಟ್ಟರೆ, ಬಸವ, ಬಸವಣ್ಣ, ಸಂಗನಬಸವಣ್ಣ ಅಂತ ಹೇಗೆ ಕರೆದರೂ ಅದು ಒಬ್ಬರೇ ಅಂತ ಕಂಪ್ಯೂಟರಿಗೂ ಗೊತ್ತಾಗುತ್ತದೆ. ಹೀಗೆ ಪಠ್ಯಕ್ಕೆ ಗುರುತು ಹಾಕುವುದಕ್ಕೆ ಟಿಇಐ (ಟೆಕ್ಸ್ಟ್ ಎನ್‌ಕೋಡಿಂಗ್ ಇನಿಶಿಯೇಟಿವ್) ಅನ್ನುವ ಕ್ರಮ 1987ರಿಂದಲೇ ಬೆಳೆದು ಬಂದಿದೆ, ಬಳಸಲು ದುಡ್ಡು ಕೊಡಬೇಕಿಲ್ಲ. ದಾವಣಗೆರೆಯಲ್ಲಿ ವಿಶ್ವವಿದ್ಯಾಲಯ ಇದೆ, ಎಂಜಿನಿಯರಿಂಗ್ ಕಾಲೇಜುಗಳಿವೆ. ಕನ್ನಡದವರನ್ನೂ ಕಂಪ್ಯೂಟರ್‌ನವರನ್ನೂ ಒಟ್ಟಿಗೆ ಕೂರಿಸಬೇಕು, ಅಷ್ಟೇ ಅಲ್ವಾ? ಅರ್ಥ ಬಿಡಿಸುವುದು ಮೇಷ್ಟ್ರ ಕೆಲಸ (ಅದನ್ನು ಯಂತ್ರಕ್ಕೆ ಬಿಡಲೇಬಾರದು), ಆ ಗುರುತು, ಅಂದರೆ ಟ್ಯಾಗ್ ಹಾಕುವುದನ್ನು ವಿದ್ಯಾರ್ಥಿಗಳು ಬೇಗ ಕಲಿಯುತ್ತಾರೆ. ಮೊದಲು ಒಬ್ಬರೇ ವಚನಕಾರರಿಂದ ಶುರು ಮಾಡಲಿ. ಟಿಪ್ಪಣಿ ಬರೆದವರ ಹೆಸರೂ ಜೊತೆಗೇ ಇರಲಿ.

– ಒಬ್ಬ ಓದುಗ, ದಾವಣಗೆರೆ